ಗೂಢಚಾರನ ಗೆಳೆತನ

“ಗೋಡೆಗೂ ಕಿವಿಯುಂಟು” ಎಂಬುದು ಹಿರಿಯರ ಎಚ್ಚರಿಕೆಯ ಮಾತು. ಆದರೆ ಗೋಡೆಗೆ ಕಿವಿಯಿದ್ದರೇನು, ಬಾಯಿಯಿಲ್ಲವಲ್ಲ! ಒಂದು ರಾಜ್ಯದ ಗುಟ್ಟು ಇನ್ನೊಂದು ರಾಜ್ಯವನ್ನು ಮುಟ್ಟಬೇಕಾದರೆ ಮನುಷ್ಯನ ಬಾಯಿಯೇ ಬೇಕು. ಆ ಬಾಯಿ ತೆರೆಯಬೇಕಾದರೆ ಅದಕ್ಕೂ ಮೊದಲು ಮನಸ್ಸು ತೆರೆಯಬೇಕು. ಮನಸ್ಸು ಹೇಗೆ ತೆರೆಯುತ್ತದೆ, ಯಾರು ತೆರೆಸುತ್ತಾರೆ, ತೆರೆದ ಮೇಲೆ ಏನಾಗುತ್ತದೆ ಎಂಬುದನ್ನು ಕುರಿತು ನಾನು ಓದಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೇಹುಗಾರಿಕೆ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾದ ನಾಯಕ: ಕಪ್ಪು ಕನ್ನಡಕ, ಜೇಬಿನಲ್ಲಿ ಪಿಸ್ತೂಲು, ಬೆನ್ನಟ್ಟಿ ಬರುವ ಕಾರು. ನಿಜವಾದ ಬೇಹುಗಾರಿಕೆಯ ಬಹುಭಾಗ ಇಷ್ಟು ರೋಮಾಂಚಕವಾದುದಲ್ಲ. ಇಬ್ಬರು ಎದುರುಬದುರು ಕುಳಿತು ಮಾತನಾಡುತ್ತಾರೆ, ಅಷ್ಟೆ. ಒಬ್ಬನು ಗುಟ್ಟನ್ನು ಬಯಸುವ ಅಧಿಕಾರಿ. ಇನ್ನೊಬ್ಬನು ಗುಟ್ಟನ್ನು ಬಲ್ಲವನು. ಈ ಎರಡನೆಯವನನ್ನು ಮಾಹಿತಿದಾರನೆನ್ನೋಣ. ಸಿಕ್ಕಿಬಿದ್ದರೆ ಮರಣದಂಡನೆಯೆಂದು ಗೊತ್ತಿದ್ದೂ ಅವನು ಒಬ್ಬ ಪರಕೀಯನಿಗೆ ತನ್ನ ಪ್ರಾಣವನ್ನೇ ಒಪ್ಪಿಸುತ್ತಾನಲ್ಲ, ಏಕೆ? ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಪ್ರಶ್ನೆ ಬಹಳ ದಿನಗಳಿಂದ ಕಾಡುತ್ತಿದೆ. ಕಾಡಲು ಪಠ್ಯಪುಸ್ತಕಕ್ಕೆ ಸಂಬಂಧಿಸದ ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶದಲ್ಲಿ ಈ ವಿಷಯದ ಪಾಠವನ್ನು ಕ್ರಮವಾಗಿ ಹೇಳಿದವನು ಕೌಟಿಲ್ಯ. ಅವನ ‘ಅರ್ಥಶಾಸ್ತ್ರ’ ಬಹುಕಾಲ ಹೆಸರಿಗೆ ಮಾತ್ರ ಉಳಿದಿದ್ದ ಗ್ರಂಥ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಅದನ್ನು ೧೯೦೫ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಅವರು ಮೂಲವನ್ನು ೧೯೦೯ರಲ್ಲಿ ಅಚ್ಚು ಹಾಕಿಸಿದರು. ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಲೋಕವೆಲ್ಲ ಇಂದು ಓದುತ್ತಿರುವ ಈ ರಾಜನೀತಿಗ್ರಂಥ ಪುನರ್ಜನ್ಮ ಪಡೆದುದು ನಮ್ಮ ಮೈಸೂರಿನಲ್ಲಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಅದರ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ವರ್ಗೀಕರಣವಿದೆ. ಸಂನ್ಯಾಸಿಯ ವೇಷದವನು, ಒಕ್ಕಲಿಗನ ವೇಷದವನು, ವರ್ತಕನ ವೇಷದವನು ಎಂದು ಮುಂದುವರಿಯುವ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಯಾರಿಗೆ ಬಲ್ಲಿರಾ? ವಿದ್ಯಾರ್ಥಿಗೆ! ಪರರ ಮರ್ಮವನ್ನು ಬಲ್ಲ, ಮಾತಿನಲ್ಲಿ ಚತುರನಾದ ಶಿಷ್ಯನನ್ನು ಮಂತ್ರಿಯು ಧನದಿಂದಲೂ ಮನ್ನಣೆಯಿಂದಲೂ ಹುರಿದುಂಬಿಸಿ ಕೆಲಸಕ್ಕೆ ತೊಡಗಿಸಬೇಕಂತೆ. ಕೇವಲ ಧನ ಸಾಲದು, ಮನ್ನಣೆಯೂ ಬೇಕು ಎಂದು ಅವನು ಕಂಡುಕೊಂಡಿದ್ದುದನ್ನು ವಾಚಕರು ನೆನಪಿನಲ್ಲಿಡಬೇಕು.

ಅದೇ ಅಧಿಕರಣದಲ್ಲಿ ಮುಂದೆ ಶತ್ರುರಾಜ್ಯದಲ್ಲಿ ಯಾರನ್ನು ಒಲಿಸಿಕೊಳ್ಳಬಹುದೆಂಬ ವಿಚಾರ ಬರುತ್ತದೆ. ಅಂಥವರು ನಾಲ್ಕು ಬಗೆ: ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು. ಕೊಡುತ್ತೇನೆಂದು ಆಸೆ ತೋರಿಸಿ ಕೊಡದೆ ಮೋಸಹೋದವನು, ಸಮಾನ ಕೌಶಲವಿದ್ದ ಇಬ್ಬರಲ್ಲಿ ಅವಮಾನಕ್ಕೆ ಗುರಿಯಾದವನು, ಗಡೀಪಾರಾದವನು ಇವರೆಲ್ಲ ಕ್ರುದ್ಧರು. ತಪ್ಪು ಮಾಡಿ, ಅದು ಬಯಲಾದೀತೆಂದು ನಡುಗುತ್ತಿರುವವನು ಭೀತ. ಬಡತನಕ್ಕೆ ಇಳಿದವನು, ದುರ್ವ್ಯಸನದಲ್ಲಿ ಸಿಕ್ಕಿದವನು ಲುಬ್ಧ. ಪ್ರತಿಸ್ಪರ್ಧಿಗೆ ದೊರೆತ ಗೌರವವನ್ನು ಸಹಿಸದವನು, ತನ್ನ ಯೋಗ್ಯತೆಗೆ ತಕ್ಕ ಸ್ಥಾನ ಸಿಗಲಿಲ್ಲವೆಂದು ಕೊರಗುವವನು ಮಾನಿ. ಒಬ್ಬೊಬ್ಬರೊಡನೆ ಒಂದೊಂದು ರೀತಿಯಲ್ಲಿ ಮಾತನಾಡಬೇಕೆಂದು ಕೌಟಿಲ್ಯ ಹೇಳುತ್ತಾನೆ. ಕ್ರುದ್ಧನಿಗೆ ಅವನ ರಾಜ ಕುಡುಕ ಮಾವುತನ ಕೈಗೆ ಸಿಕ್ಕ ಮದ್ದಾನೆಯಂತೆ ಎನ್ನಬೇಕು. ಭೀತನಿಗೆ ಅದೇ ರಾಜ ಹುದುಗಿ ಕುಳಿತ ಹಾವಿನಂತೆ ಎನ್ನಬೇಕು. ಹೊಸ ವಿಚಾರವನ್ನೇನೂ ಅವರ ತಲೆಯಲ್ಲಿ ತುಂಬಬೇಕಾಗಿಲ್ಲ. ಅವರ ಮನಸ್ಸಿನಲ್ಲಿ ಈಗಾಗಲೇ ಇರುವ ನೋವಿಗೆ ಒಂದು ಹೆಸರು ಕೊಟ್ಟರೆ ಸಾಕು.

ಪಶ್ಚಿಮದ ಬೇಹುಗಾರ ಸಂಸ್ಥೆಗಳು ಬಹುಕಾಲ ಪಾಠ ಹೇಳಿದ ಸೂತ್ರವೂ ಇದಕ್ಕಿಂತ ಬಹಳ ಬೇರೆಯಲ್ಲ. ಹಣ, ತತ್ತ್ವನಿಷ್ಠೆ, ಬಲವಂತ, ಅಹಂಕಾರ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅವರು ಅದನ್ನು ‘ಮೈಸ್’ ಎಂದು ಕರೆದರು. ಆದರೆ ಇಂಥ ಪಟ್ಟಿ ಯಾರು ಬಂದಾರು ಎಂಬುದನ್ನು ಹೇಳುತ್ತದೆಯೇ ಹೊರತು ಬರುವಂತೆ ಮಾಡುವುದು ಹೇಗೆಂಬುದನ್ನು ಪೂರ್ತಿ ಹೇಳುವುದಿಲ್ಲ. ಕೋಪಗೊಂಡವರೆಲ್ಲ ದೇಶದ ಗುಟ್ಟನ್ನು ಮಾರುವುದಿಲ್ಲ. ಕೋಪಕ್ಕೂ ಕಾರ್ಯಕ್ಕೂ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಯೇ ಒಬ್ಬ ಮನುಷ್ಯ ಇನ್ನೊಬ್ಬನಲ್ಲಿ ಇಡುವ ಆಪ್ತಭಾವ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನ ಕೊಡುತ್ತೇನೆ. ಓಲೆಗ್ ಗೋರ್ಡಿಯೆವ್‌ಸ್ಕಿ ಸೋವಿಯೆತ್ ರಷ್ಯದ ಕೆ.ಜಿ.ಬಿ. ಎಂಬ ಗುಪ್ತಚರ ಸಂಸ್ಥೆಯ ಅಧಿಕಾರಿ. ೧೯೬೧ರಲ್ಲಿ ಬರ್ಲಿನ್ ನಗರದ ನಡುವೆ ಗೋಡೆ ಏಳುವುದನ್ನು ಅವನು ಕಣ್ಣಾರೆ ಕಂಡಿದ್ದನು. ೧೯೬೮ರಲ್ಲಿ ತನ್ನ ದೇಶದ ಸೈನ್ಯ ಚೆಕೊಸ್ಲೊವಾಕಿಯದ ಮೇಲೆ ನುಗ್ಗಿದಾಗ ಅವನ ಮನಸ್ಸು ಮುರಿಯಿತು. ಆಗ ಅವನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿದ್ದನು. ಮುಂದೆ ಅಲ್ಲಿಗೇ ಎರಡನೆಯ ಸಲ ವರ್ಗವಾಗಿ ಬಂದಿದ್ದಾಗ, ೧೯೭೩ರಲ್ಲಿ, ಬ್ರಿಟಿಷ್ ಗುಪ್ತಚರ ಸಂಸ್ಥೆಯ ಬ್ರಾಮ್‌ಹೆಡ್ ಎಂಬ ಅಧಿಕಾರಿ ಅವನನ್ನು ಭೇಟಿಯಾದನು. ಎಲ್ಲಿ? ಗೋರ್ಡಿಯೆವ್‌ಸ್ಕಿ ಮುಂಜಾನೆ ಆಡಲು ಹೋಗುತ್ತಿದ್ದ ಬ್ಯಾಡ್‌ಮಿಂಟನ್ ಅಂಕಣದಲ್ಲಿ! ನಾಲ್ಕು ಮಾತು, ಒಂದು ದಿನ ಜೊತೆಯಲ್ಲಿ ಊಟ. ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಏನೂ ಇಲ್ಲ. ಗುಟ್ಟಿನ ಮಾತೆತ್ತಲಿಲ್ಲ, ಆಸೆ ತೋರಿಸಲಿಲ್ಲ. ೧೯೭೪ರಲ್ಲಿ ಬ್ರಾಮ್‌ಹೆಡ್ ಮತ್ತೆ ಅದೇ ಅಂಕಣಕ್ಕೆ ಹೋದನು. ಆ ವೇಳೆಗೆ ಗೋರ್ಡಿಯೆವ್‌ಸ್ಕಿ ತನ್ನಲ್ಲೇ ತೀರ್ಮಾನ ಮಾಡಿಕೊಂಡಿದ್ದನು.

ಅವನು ಮೂರು ಷರತ್ತುಗಳನ್ನು ಹಾಕಿದನು: ತನ್ನ ಕಚೇರಿಯ ಸಹೋದ್ಯೋಗಿಗಳಿಗೆ ಕೇಡಾಗಬಾರದು, ತನ್ನನ್ನು ಕದ್ದು ಚಿತ್ರ ತೆಗೆಯುವುದಾಗಲಿ ಮಾತನ್ನು ಕದ್ದು ಮುದ್ರಿಸಿಕೊಳ್ಳುವುದಾಗಲಿ ಕೂಡದು, ಹಣ ಬೇಡ. ಹಣ ಬೇಡವೆಂದ ಈತನನ್ನು ಕೌಟಿಲ್ಯನ ಲುಬ್ಧರ ಗುಂಪಿಗೆ ಸೇರಿಸಲು ಬರುವುದಿಲ್ಲ. ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸಿತು. ಅವನೊಡನೆ ವ್ಯವಹರಿಸಲು ಮೊದಲು ನೇಮಕವಾದ ಅಧಿಕಾರಿ ವಕೀಲನು ಪಾಟೀಸವಾಲು ಮಾಡುವಂತೆ ಬಿರುಸಾಗಿ ಪ್ರಶ್ನಿಸುತ್ತಿದ್ದನಂತೆ. ಗೋರ್ಡಿಯೆವ್‌ಸ್ಕಿಗೆ ಇದು ಹಿಡಿಸಲಿಲ್ಲ. ಆ ಜಾಗಕ್ಕೆ ಸೌಮ್ಯ ಸ್ವಭಾವದ ಮತ್ತೊಬ್ಬನು ಬಂದ ಮೇಲೆ ಸಂಬಂಧ ಕುದುರಿತು. ತತ್ತ್ವಕ್ಕಾಗಿ ಪ್ರಾಣವನ್ನೇ ಒತ್ತೆಯಿಟ್ಟವನಿಗೂ ಎದುರು ಕುಳಿತವನ ದನಿಯ ಮೇಲೆ ಗಮನವಿರುತ್ತದೆ.

ದನಿಯಲ್ಲಿ ಅಂಥದೇನಿದೆ? ಟಿಕಲ್-ಡೆಗ್ನೆನ್ ಮತ್ತು ರೋಸೆಂತಾಲ್ ಎಂಬ ಮನಶ್ಶಾಸ್ತ್ರಜ್ಞರು ೧೯೯೦ರಲ್ಲಿ ಆಪ್ತಭಾವವನ್ನು ಮೂರು ಎಳೆಗಳಾಗಿ ಬಿಡಿಸಿ ತೋರಿಸಿದರು. ಪರಸ್ಪರ ಗಮನ ಮೊದಲನೆಯದು. ಪರಸ್ಪರ ಸೌಹಾರ್ದ ಎರಡನೆಯದು. ಮಾತಿಗೂ ಚರ್ಯೆಗೂ ಇಬ್ಬರಲ್ಲಿ ಮೂಡುವ ಹೊಂದಾಣಿಕೆ ಮೂರನೆಯದು. ಮೊದಲ ಭೇಟಿಯಲ್ಲಿ ಗಮನ ಮತ್ತು ಸೌಹಾರ್ದಗಳ ಪಾತ್ರ ಹಿರಿದು. ಸಂಬಂಧ ಹಳೆಯದಾದಂತೆ ಸೌಹಾರ್ದದ ಉಪಚಾರ ಕಡಮೆಯಾಗಿ ಹೊಂದಾಣಿಕೆಯೇ ಮುಂದಾಗುತ್ತದೆ. ನಮ್ಮ ಅನುಭವವೂ ಇದೇ ಅಲ್ಲವೆ? ಹೊಸ ನಂಟನಿಗೆ ಪಾಯಸದ ಊಟ. ಹಳೆಯ ಗೆಳೆಯನಾದರೆ ತಾನೇ ಅಡಿಗೆಮನೆಗೆ ಬಂದು ಬಡಿಸಿಕೊಳ್ಳುತ್ತಾನೆ.

ಹೀಗೆ ಸೇತುವೆ ಬಿದ್ದ ಮೇಲೆ ಮೊದಲು ದಾಟುವುದು ಬಹಳ ಸಣ್ಣ ಕೋರಿಕೆ. ಅಮೆರಿಕದ ಫ್ರೀಡ್‌ಮನ್ ಮತ್ತು ಫ್ರೇಸರ್ ೧೯೬೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಮ್ಮ ತರಗತಿಯಲ್ಲಿ ಓದಿದ್ದೇವೆ. ಕ್ಯಾಲಿಫೋರ್ನಿಯದ ಕೆಲವು ಮನೆಯವರನ್ನು ಎಚ್ಚರದಿಂದ ಕಾರು ಓಡಿಸಿರೆಂಬ ದೊಡ್ಡ, ಕುರೂಪವಾದ ಫಲಕವನ್ನು ಅಂಗಳದಲ್ಲಿ ನೆಡಲು ಒಪ್ಪುವಿರಾ ಎಂದು ಕೇಳಿದರು. ನೂರಕ್ಕೆ ಸುಮಾರು ೧೭ ಮಂದಿ ಒಪ್ಪಿದರು. ಎರಡು ವಾರ ಮೊದಲು ಅದೇ ವಿಷಯದ ಅಂಗೈಯಗಲಕ್ಕಿಂತ ಚಿಕ್ಕದಾದ ಚೀಟಿಯೊಂದನ್ನು ಅಂಟಿಸಲು ಒಪ್ಪಿದ್ದ ಮನೆಗಳಲ್ಲಾದರೋ ನೂರಕ್ಕೆ ೭೬ ಮಂದಿ ಒಪ್ಪಿಬಿಟ್ಟರು! ಒಮ್ಮೆ ಹೂಂ ಎಂದವನು ತಾನು ಹೂಂ ಎನ್ನುವ ಜಾತಿಯವನೆಂದು ತನ್ನನ್ನೇ ನಂಬಿಸಿಕೊಳ್ಳುತ್ತಾನೆ. ಮಾಹಿತಿದಾರನಿಗೂ ಮೊದಲು ಕೇಳುವುದು ಯಾರ ಬಳಿಯೂ ಸಿಗುವ ಒಂದು ದೂರವಾಣಿ ಪುಸ್ತಕವನ್ನೋ ಒಂದು ಸಾಮಾನ್ಯ ವರದಿಯನ್ನೋ ಇರಬಹುದು. ಅದರ ಬೆಲೆ ಏನೂ ಇಲ್ಲ. ಅವನು ಕೊಟ್ಟನೆಂಬುದಕ್ಕೆ ಬೆಲೆಯುಂಟು.

ಇನ್ನು ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದುದು ಕೇಳದೆ ಕೇಳುವ ಕಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಓಬರ್‌ಉರ್ಸೆಲ್ ಎಂಬಲ್ಲಿ ಸೆರೆಸಿಕ್ಕ ವೈಮಾನಿಕರನ್ನು ವಿಚಾರಿಸುವ ಕೇಂದ್ರವಿತ್ತು. ಅಲ್ಲಿ ಅಮೆರಿಕನ್ ವೈಮಾನಿಕರನ್ನು ವಿಚಾರಿಸುತ್ತಿದ್ದವನು ಹಾನ್ಸ್ ಷಾರ್ಫ್. ಯುದ್ಧಕ್ಕೆ ಮುಂಚೆ ಅವನು ದಕ್ಷಿಣ ಆಫ್ರಿಕದಲ್ಲಿ ವ್ಯಾಪಾರಿ. ಹೆಂಡತಿ ಇಂಗ್ಲಿಷ್ ಮನೆತನದವಳು. ಷಾರ್ಫ್ ಯಾರನ್ನೂ ಹೊಡೆಯಲಿಲ್ಲ, ಗದರಿಸಲಿಲ್ಲ. ಸೆರೆಯಾಳನ್ನು ಕಾಡಿನ ದಾರಿಯಲ್ಲಿ ತಿರುಗಾಡಲು ಕರೆದೊಯ್ಯುತ್ತಿದ್ದನು. ಅವನ ದಳದ ವಿಚಾರ, ಸಂಗಡಿಗರ ವಿಚಾರ ಎಲ್ಲವನ್ನೂ ಮೊದಲೇ ಓದಿಕೊಂಡು, ತನಗೆ ತಿಳಿಯದುದು ಯಾವುದೂ ಇಲ್ಲವೆಂಬಂತೆ ತಾನೇ ಹೇಳುತ್ತಾ ಹೋಗುತ್ತಿದ್ದನು. ನಡುವೆ ಒಂದು ತಪ್ಪು ಮಾತನ್ನು ಸೇರಿಸುತ್ತಿದ್ದನು.

ಒಮ್ಮೆ ಅವನಿಗೆ ಒಂದು ವಿಷಯ ತಿಳಿಯಬೇಕಾಗಿತ್ತು. ಅಮೆರಿಕನ್ ವಿಮಾನಗಳ ಗುಂಡುಗಳು ಹಾರುವಾಗ ಬಿಡುವ ಹೊಗೆಯ ಗೆರೆ ಕೆಲವು ವೇಳೆ ಕೆಂಪಿನ ಬದಲು ಬಿಳಿಯಾಗಿರುತ್ತಿತ್ತು, ಏಕೆ? ಷಾರ್ಫ್ ಪ್ರಶ್ನೆ ಕೇಳಲಿಲ್ಲ. ನಿಮ್ಮಲ್ಲಿ ಕೆಂಪು ಬರಿಸುವ ರಾಸಾಯನಿಕ ತೀರಿಹೋಗಿದೆಯಂತೆ ಎಂದು ಸುಮ್ಮನೆ ಹೇಳಿದನು. ವೈಮಾನಿಕನಿಗೆ ಸ್ವದೇಶಾಭಿಮಾನ ಕೆರಳಿತು. ಹಾಗೇನೂ ಇಲ್ಲ, ಗುಂಡು ಮುಗಿಯುತ್ತ ಬಂತೆಂದು ನಮ್ಮನ್ನು ಎಚ್ಚರಿಸಲು ಹಾಗೆ ಮಾಡಿದ್ದಾರೆ ಎಂದುಬಿಟ್ಟನು! ಗುಟ್ಟು ಹೊರಬಿತ್ತು, ಹೇಳಿದವನಿಗೆ ತಾನು ಹೇಳಿದೆನೆಂಬ ಅರಿವೇ ಇಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗ್ರಾನ್‌ಹಾಗ್ ಮತ್ತು ಅವನ ಸಂಗಡಿಗರು ೨೦೧೦ರ ದಶಕದಲ್ಲಿ ಈ ವಿಧಾನವನ್ನು ಪ್ರಯೋಗಕ್ಕೆ ಒಡ್ಡಿ, ನೇರವಾಗಿ ಪ್ರಶ್ನಿಸುವುದಕ್ಕಿಂತ ಇದರಿಂದ ಹೊಸ ಮಾಹಿತಿ ಹೆಚ್ಚು ಬರುವುದೆಂದೂ, ಮಾತನಾಡಿದವರು ತಾವು ಬಿಟ್ಟುಕೊಟ್ಟುದನ್ನು ಕಡಮೆಯೆಂದೇ ಎಣಿಸುವರೆಂದೂ ಕಂಡುಕೊಂಡಿದ್ದಾರೆ. ಷಾರ್ಫನನ್ನು ದೇವತೆಯೆಂದು ತಿಳಿಯುವುದೂ ತಪ್ಪು. ತಾನು ನಿಜವಾದ ಸೈನಿಕನೆಂದು ಸಿದ್ಧಪಡಿಸದವನನ್ನು ಗೆಸ್ಟಾಪೊ ಎಂಬ ಕ್ರೂರ ಪೋಲೀಸರಿಗೆ ಒಪ್ಪಿಸಬೇಕಾದೀತು ಎಂಬ ಸೂಚನೆಯನ್ನು ಅವನು ಕೊಡುತ್ತಿದ್ದನು. ಆ ಭಯದ ಬಿಸಿಲಿನಲ್ಲಿ ಅವನ ಸ್ನೇಹ ನೆರಳಿನಂತೆ ತೋರುತ್ತಿತ್ತು.

ಷಾರ್ಫನ ಕಥೆಯನ್ನು ಮೊದಲ ಬಾರಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಆ ವೈಮಾನಿಕನ ಸ್ಥಾನದಲ್ಲಿ ನಾನೂ ಒಮ್ಮೆ ಕುಳಿತಿದ್ದೆ.

ಈ ಕಾಲೇಜಿಗೆ ಬರುವ ಮುನ್ನ ನಾನು ಬೇರೊಂದು ಊರಿನ ವಿದ್ಯಾರ್ಥಿನಿಲಯದಲ್ಲಿದ್ದೆ. ನನ್ನ ಕೊಠಡಿಯ ಗೆಳೆಯ ಬಡವ, ತಂದೆಯಿಲ್ಲದವನು. ರಾತ್ರಿ ಊಟವಾದ ಮೇಲೆ ಹಿಂದಿನ ಗೋಡೆ ಹಾರಿ, ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದು, ಆ ಹಣವನ್ನು ತಾಯಿಗೆ ಕಳುಹಿಸುತ್ತಿದ್ದನು. ಇದು ನನ್ನೊಬ್ಬನಿಗೇ ಗೊತ್ತಿತ್ತು. ನಿಲಯದ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರೊಬ್ಬರು ಆ ದಿನಗಳಲ್ಲಿ ನನ್ನನ್ನು ಆಗಾಗ ಕರೆದು ಕಾಫಿ ಕೊಡುತ್ತಿದ್ದರು. ಊರಿನ ಮಳೆ, ಅಡಕೆಗೆ ಬಂದ ಕೊಳೆರೋಗ, ನನ್ನ ತಾಯಿಯ ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಿದ್ದರು. ಅಷ್ಟು ದೊಡ್ಡವರು ನನ್ನ ತಾಯಿಯ ನೋವನ್ನು ನೆನಪಿಟ್ಟು ಕೇಳುವರಲ್ಲ ಎಂದು ನನಗೆ ಕಣ್ಣು ಒದ್ದೆಯಾಗುತ್ತಿತ್ತು. ಒಂದು ಸಂಜೆ ಅವರು ನಗುತ್ತ, “ನಿನ್ನ ಗೆಳೆಯನಿಗೆ ಎರಡನೇ ಆಟದ ಸಿನಿಮಾ ಹುಚ್ಚು ಜಾಸ್ತಿಯಾಗಿದೆಯಂತೆ. ನನಗೆಲ್ಲ ಗೊತ್ತು ಬಿಡು” ಎಂದರು. ನನಗೆ ತಡೆಯಲಾಗಲಿಲ್ಲ. “ಇಲ್ಲ ಸಾರ್, ಅವನು ಅಂಥವನಲ್ಲ. ಹೋಟೆಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ” ಎಂದೆ. ಅವನ ಮರ್ಯಾದೆ ಉಳಿಸಿದೆನೆಂದು ಹಿಗ್ಗಿ ಕೊಠಡಿಗೆ ಬಂದೆ.

ಮೂರನೆಯ ದಿನ ನಿಯಮಭಂಗಕ್ಕಾಗಿ ಅವನನ್ನು ನಿಲಯದಿಂದ ಬಿಡಿಸಿದರು. ಅವನು ಟ್ರಂಕು ಹೊತ್ತು ಹೋಗುವಾಗ ಬಾಗಿಲ ಬಳಿ ನಿಂತು, “ಇರಲಿ ಬಿಡು” ಎಂದನು. ಹೇಳಿದವನು ನಾನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಕೇಳುವ ಧೈರ್ಯವೂ ಬಂದಿಲ್ಲ. ಒಂದು ಮಾತ್ರ ನಿಶ್ಚಯವಾಗಿ ನೆನಪಿದೆ: ಆ ದಿನದ ನಂತರ ಆ ಹಿರಿಯರು ನನ್ನ ತಾಯಿಯ ಮಂಡಿನೋವಿನ ಸುದ್ದಿಯನ್ನು ಎತ್ತಲಿಲ್ಲ.

ನನ್ನ ಕಥೆ ಸಣ್ಣದು. ಅಲ್ಲಿ ಹೋದುದು ಒಂದು ಮಂಚ, ಒಂದು ಹೊತ್ತಿನ ಊಟ. ದೊಡ್ಡ ಕಥೆಯಲ್ಲಿ ಹೋಗುವುದು ತಲೆ. ಮಾಸ್ಕೋದಲ್ಲಿ ಆಡೋಲ್ಫ್ ಟೋಲ್ಕಾಚೆವ್ ಎಂಬ ರಾಡಾರ್ ತಂತ್ರಜ್ಞನಿದ್ದನು. ಸ್ಟಾಲಿನ್ನನ ಕಾಲದಲ್ಲಿ ಅವನ ಅತ್ತೆಗೆ ಮರಣದಂಡನೆಯಾಗಿತ್ತು, ಮಾವ ಶ್ರಮಶಿಬಿರದ ಪಾಲಾಗಿದ್ದನು. ಆ ಕೋಪವನ್ನು ಎದೆಯಲ್ಲಿಟ್ಟುಕೊಂಡು ಅವನು ೧೯೭೭ರಲ್ಲಿ ತಾನಾಗಿಯೇ ಅಮೆರಿಕನ್ನರ ಬಳಿ ಹೋದನು. ಇದು ಬಲೆಯಿರಬಹುದೆಂದು ಹೆದರಿ ಅವರು ಮೊದಮೊದಲು ಅವನನ್ನು ದೂರವಿಟ್ಟರು. ಕೊನೆಗೆ ೧೯೭೯ರ ಹೊಸ ವರ್ಷದ ದಿನ ರಷ್ಯನ್ ಭಾಷೆ ಬಲ್ಲ ಗಿಲ್ಷರ್ ಎಂಬ ಅಧಿಕಾರಿ ಅವನನ್ನು ಕಂಡನು. ಮುಂದೆ ಹಲವು ವರ್ಷ ಭೇಟಿಗಳು ನಡೆದವು. ಟೋಲ್ಕಾಚೆವ್ ದೊಡ್ಡ ಮೊತ್ತದ ಹಣ ಕೇಳಿದನು ನಿಜ. ಅದು ತನ್ನ ಕೆಲಸವನ್ನು ಅವರು ಎಷ್ಟು ಗೌರವಿಸುತ್ತಾರೆಂಬುದರ ಅಳತೆಯೂ ಆಗಿತ್ತು. ಅದರ ಜೊತೆಗೆ ಕೇಳಿದ್ದೇನು? ಮಗನಿಗೆ ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳು, ಚಿತ್ರ ಬರೆಯುವ ಲೇಖನಿಗಳು! ಅವುಗಳನ್ನು ಹುಡುಕಿ ತಂದುಕೊಟ್ಟ ಅಧಿಕಾರಿಗಳ ಕಾಳಜಿ ಸುಳ್ಳೆಂದು ನಾನು ಹೇಳಲಾರೆ.

ಆದರೂ ಟೋಲ್ಕಾಚೆವ್ ೧೯೮೫ರಲ್ಲಿ ಸೆರೆಸಿಕ್ಕಿ, ೧೯೮೬ರಲ್ಲಿ ಮರಣದಂಡನೆಗೆ ಗುರಿಯಾದನು. ಅವನ ಸುಳಿವು ಕೊಟ್ಟವರಲ್ಲಿ ಒಬ್ಬನು ಎಡ್ವರ್ಡ್ ಹೊವರ್ಡ್. ಅಮೆರಿಕದ ಸಿ.ಐ.ಎ. ಸಂಸ್ಥೆ ಅವನನ್ನು ಮಾಸ್ಕೋಗೆ ಕಳುಹಿಸಲೆಂದೇ ತರಬೇತುಗೊಳಿಸಿ, ೧೯೮೩ರಲ್ಲಿ ಕೆಲಸದಿಂದ ತೆಗೆದುಹಾಕಿತ್ತು. ಆಸೆ ತೋರಿಸಿ ಕೈಬಿಟ್ಟವನು ಕ್ರುದ್ಧನಾಗುತ್ತಾನೆಂಬ ಕೌಟಿಲ್ಯನ ಪಾಠ ಪರರ ಮನೆಗೆ ಅನ್ವಯಿಸುವಂತೆ ತಮ್ಮ ಮನೆಗೂ ಅನ್ವಯಿಸುವುದೆಂಬುದನ್ನು ಅವರು ಮರೆತಿದ್ದರು. ಗೋರ್ಡಿಯೆವ್‌ಸ್ಕಿಯಾದರೋ ೧೯೮೫ರಲ್ಲಿ ಬ್ರಿಟಿಷರ ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ಅಡಗಿ ಫಿನ್ಲೆಂಡಿನ ಗಡಿ ದಾಟಿ ಬದುಕಿಕೊಂಡನು. ೨೦೨೫ರ ಮಾರ್ಚಿಯಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು. ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅವನನ್ನು ಸೇರಲು ಆರು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಆ ಸಂಸಾರ ಒಡೆದಿತ್ತು.

ಈ ವಿದ್ಯೆ ನಮಗೆ ದೂರದ್ದೆಂದು ಯಾರೂ ತಿಳಿಯಬಾರದು. ನಮ್ಮ ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಹೊರಗೆ ಕೊಟ್ಟರೆಂಬ ಆಪಾದನೆಯ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ ೨೦೨೫ರ ಫೆಬ್ರವರಿಯಲ್ಲಿ ಇಬ್ಬರನ್ನು ಬಂಧಿಸಿತು. ಫೇಸ್‌ಬುಕ್ಕಿನಲ್ಲಿ ಹೆಣ್ಣಿನ ಹೆಸರಿನಿಂದ ಬಂದ ಸ್ನೇಹದಿಂದ ಇದು ಆರಂಭವಾಯಿತೆಂಬುದು ಆಪಾದನೆ. ಬ್ಯಾಡ್‌ಮಿಂಟನ್ ಅಂಕಣದ ಕೆಲಸವನ್ನು ಈಗ ಅಂಗೈಯ ಫೋನು ಮಾಡಬಲ್ಲುದು. ದೇಶದ ರಕ್ಷಣೆಗೆ ಮಾಹಿತಿದಾರರು ಬೇಕೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಒಬ್ಬನು ಸಮಯಕ್ಕೆ ಹೇಳಿದ ಮಾತು ಸಾವಿರಾರು ಜನರ ಪ್ರಾಣ ಉಳಿಸುವುದುಂಟು. ಆದರೆ ನಂಬಿಕೆಯನ್ನು ಪಡೆದವನು ಸಾಲವನ್ನೂ ಪಡೆದಂತೆ. ಮಾಹಿತಿ ಕೈಸೇರಿದ ಮೇಲೆಯೂ ಮಂಡಿನೋವನ್ನು ವಿಚಾರಿಸುವವನು ಸಾಲ ತೀರಿಸುತ್ತಾನೆ. ಮಿಕ್ಕವನು ಬಳಸಿ ಬಿಸಾಡುತ್ತಾನೆ.

ಕೌಟಿಲ್ಯನು ಶತ್ರುರಾಜ್ಯದ ಅತೃಪ್ತರ ಅಧ್ಯಾಯಕ್ಕಿಂತ ಮೊದಲು ಸ್ವರಾಜ್ಯದ ಅತೃಪ್ತರ ಅಧ್ಯಾಯವನ್ನು ಇಟ್ಟಿದ್ದಾನೆ. ಅವರನ್ನು ಒಳ್ಳೆಯ ಮಾತಿನಿಂದಲೂ ದಾನದಿಂದಲೂ ಸಮಾಧಾನಪಡಿಸುವುದು ಅಲ್ಲಿ ಅವನು ಹೇಳುವ ಮೊದಲ ಉಪಾಯ. ಸಹಪಾಠಿ ಮಿತ್ರರೇ, ನಮ್ಮ ತರಗತಿಯಲ್ಲೂ ನಿಲಯದಲ್ಲೂ ಅವಮಾನ ನುಂಗಿಕೊಂಡವರು, ಹೆದರಿದವರು, ಹಣವಿಲ್ಲದವರು, ಗುರುತಿಸುವವರಿಲ್ಲದೆ ಕೊರಗುವವರು ಇದ್ದೇ ಇದ್ದಾರೆ. ಏನನ್ನೂ ಬಯಸದೆ ನಾವು ಅವರ ಪಕ್ಕದಲ್ಲಿ ಕುಳಿತು ನಾಲ್ಕು ಮಾತನಾಡಿದರೆ, ಏನನ್ನೋ ಬಯಸಿ ಬರುವವನಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಇದನ್ನು ಬರೆದು ಮುಗಿಸುವ ಮುನ್ನ ನನ್ನ ಆ ಗೆಳೆಯನ ಊರಿಗೆ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ನಡೆದುದನ್ನೆಲ್ಲ ಬರೆದಿದ್ದೇನೆ.